ಪಂಚಾಯತಿನ ಲೆಕ್ಕವನ್ನು ಓದುವವರು ಯಾರು?

ಜಮಾಅತಿನ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ ನಮ್ಮವರು ಯಾರೂ ಎದ್ದು ಹೋಗುವುದಿಲ್ಲ. ಪೈಂಟಿಗೆ ಎಷ್ಟಾಯಿತು, ಹೋದ ವರ್ಷದ ಬಾಕಿ ಎಲ್ಲಿ ಎಂದು ಹಿಂದಿನ ಸಾಲಿನವರೂ ಕೇಳುತ್ತಾರೆ. ಅದೇ ನಾವು ಗ್ರಾಮಸಭೆಗೆ ಹೋದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಮನೆ ರಿಪೇರಿಗೆ ಅರ್ಜಿ ಕೊಟ್ಟು, ಚಹಾ ಕುಡಿದು ಬರುತ್ತೇವೆ. ಅಲ್ಲಿ ಖರ್ಚಾಗುವುದು ಜಮಾಅತಿನ ಹಣಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದೂ ನಮ್ಮದೇ.

ಕೇರಳದ ಪಂಚಾಯತುಗಳ ಲೆಕ್ಕ ಈಗ ಹಿಂದಿನಂತಿಲ್ಲ. ಮೊದಲು ನಗದು ಪುಸ್ತಕವೇ ಮುಖ್ಯ: ಇಷ್ಟು ಬಂತು, ಇಷ್ಟು ಹೋಯಿತು, ಕೈಯಲ್ಲಿ ಇಷ್ಟಿದೆ. 2011ರ ಲೆಕ್ಕಪತ್ರ ನಿಯಮಗಳ ನಂತರ ಜೋಡಿ ನಮೂದಿನ ಪದ್ಧತಿ ಬಂತು. ಅದಕ್ಕೆಂದೇ ಇನ್ಫರ್ಮೇಶನ್ ಕೇರಳ ಮಿಷನ್ 'ಸಾಂಖ್ಯ' ಎಂಬ ಸಾಫ್ಟ್‌ವೇರ್ ಮಾಡಿತು. ರಾಜ್ಯದ 941 ಗ್ರಾಮ ಪಂಚಾಯತುಗಳಿಗೂ ಒಂದೇ ಅಚ್ಚಿನ ಲೆಕ್ಕ.

ವ್ಯತ್ಯಾಸವೇನೆಂದು ಅಂಗಡಿಯವರ ಮನೆಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಿಲ್ಲ. ರಾತ್ರಿ ಬಾಗಿಲು ಹಾಕುವಾಗ ಡಬ್ಬಿಯಲ್ಲಿ ಐದು ಸಾವಿರ ಇದ್ದರೂ ಉಪ್ಪ ಅದನ್ನು ಲಾಭ ಎನ್ನುತ್ತಿರಲಿಲ್ಲ. ಹೋಲ್‌ಸೇಲ್‌ನವರಿಗೆ ಕೊಡಬೇಕಾದ್ದು, ಸಾಲದ ಪುಸ್ತಕದಲ್ಲಿ ಬರಬೇಕಾದ್ದು, ಗೋಡೌನಿನ ಅಕ್ಕಿ ಮೂಟೆ, ಎಲ್ಲ ಸೇರಿಸಿಯೇ ಲೆಕ್ಕ. ಹೊಸ ಪದ್ಧತಿಯಲ್ಲಿ ಪಂಚಾಯತಿಗೂ ಅಷ್ಟೇ. ವಸೂಲಾಗದ ಕಟ್ಟಡ ತೆರಿಗೆ, ಕಂತ್ರಾಟುದಾರನಿಗೆ ಕೊಡಬೇಕಾದ ಬಿಲ್ಲು, ರಸ್ತೆ, ಕಟ್ಟಡ, ಪಂಪು ಎಲ್ಲ ಕಾಣಬೇಕು. ಅದರ ಮೇಲೆ ರಾಜ್ಯ ಆಡಿಟ್ ಇಲಾಖೆಯ ತಪಾಸಣೆ. 1994ರ ಲೋಕಲ್ ಫಂಡ್ ಆಡಿಟ್ ಕಾಯ್ದೆಯಂತೆ ನಷ್ಟಕ್ಕೆ ಕಾರಣರಾದವರಿಂದಲೇ ಹಣ ವಸೂಲು ಮಾಡಲೂ ದಾರಿಯಿದೆ.

ವ್ಯವಸ್ಥೆ ಕೆಟ್ಟದ್ದೆಂದು ನಾನು ಹೇಳಲಾರೆ. ಆದರೆ ಆ ವರದಿ ಇರುವುದು ಮಲಯಾಳದಲ್ಲಿ.

ನಮ್ಮ ಕಷ್ಟ ವಿಚಿತ್ರ. ಬ್ಯಾರಿ ಮಾತನಾಡುವವರಿಗೆ ಮಲಯಾಳ ಕೇಳಿದರೆ ಹೆಚ್ಚುಕಡಿಮೆ ಅರ್ಥವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಕಲಿತ ನಮಗೆ ಅಕ್ಷರ ಮಾತ್ರ ಗೊತ್ತಿಲ್ಲ. ಅರ್ಥವಾಗುವ ಭಾಷೆಯ ಮುಂದೆ ಅನಕ್ಷರಸ್ಥರಾಗಿ ಕೂರುವುದೆಂದರೆ ಇದು.

ನಮ್ಮ ವಾರ್ಡಿನ ಕುಡಿಯುವ ನೀರಿನ ಪಂಪು ಬೇಸಗೆಯಲ್ಲಿ ಸುಟ್ಟುಹೋಯಿತು. ಹೆಂಗಸರು ಕೊಡ ಹಿಡಿದು ಪಳ್ಳಿಯ ಬಾವಿಗೆ ನಡೆದರು. ದುರಸ್ತಿ ಕೇಳಿದರೆ, ಆ ಪಂಪು ಆಸ್ತಿ ರಿಜಿಸ್ಟರಿನಲ್ಲೇ ಇಲ್ಲ, ಇಲ್ಲದ್ದಕ್ಕೆ ಹಣ ಇಡುವುದು ಹೇಗೆ ಎಂಬ ಉತ್ತರ ಸಿಕ್ಕಿತು. ಆಮೇಲೆ ಆಡಿಟ್ ವರದಿಯ ಪ್ರತಿ ತರಿಸಿ, ಮಲಯಾಳ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುವ ಅಕ್ಕನ ಮಗಳ ಕೈಯಲ್ಲಿ ಜೋರಾಗಿ ಓದಿಸಿದೆವು. ಜಗಲಿಯಲ್ಲಿ ಕುಳಿತ ಎಲ್ಲರಿಗೂ ಅರ್ಥವಾಯಿತು! ಪಂಪು ರಿಜಿಸ್ಟರಿಗೆ ಹತ್ತಿಲ್ಲವೆಂಬ ಆಕ್ಷೇಪ ಎರಡು ವರ್ಷದ ಹಿಂದಿನ ವರದಿಯಲ್ಲೇ ಇತ್ತು. ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ.

ಆಡಿಟರು ನೋಡುವುದು ಹೆಚ್ಚಾಗಿ ಬಿಲ್ಲು, ವೋಚರು, ಅಳತೆ ಪುಸ್ತಕ. ಬಿಲ್ಲಿನಲ್ಲಿ ಬರೆದ ಎಚ್‌ಪಿಯೂ ಮೋಟರಿನ ಪ್ಲೇಟಿನಲ್ಲಿರುವ ಎಚ್‌ಪಿಯೂ ಒಂದೇ ಹೌದೇ ಎಂದು ಪಂಪುಹೌಸಿಗೆ ಹೋಗಿ ನೋಡುವುದು ಊರವರಿಗೆ ಸುಲಭ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೆ ಆ ಪ್ಲೇಟು ಓದಲು ಬರುತ್ತದೆ, ಹುಡುಗಿಗೆ ವರದಿ ಓದಲು ಬರುತ್ತದೆ. ಇಬ್ಬರೂ ಬೇಕು.

ಹಿಂದಿನ ವರ್ಷದ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಬೇಕೆಂದು ಕೇರಳ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಗಡಿನಾಡಿನ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದೆಂದು 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಇವೆರಡನ್ನು ಜೋಡಿಸಿ, ಲೆಕ್ಕದ ಸಾರಾಂಶ ಒಂದೆರಡು ಪುಟ ಕನ್ನಡದಲ್ಲಿ ಕೊಡಿ ಎಂದು ಅರ್ಜಿ ಹಾಕಿದ್ದೇವೆ. ಸಹಿ ಮಾಡಿದವರಲ್ಲಿ ಬ್ಯಾರಿಗಳಷ್ಟೇ ಅಲ್ಲ, ತುಳು, ಹವ್ಯಕ, ಕೊಂಕಣಿ ಮನೆಯವರೂ ಇದ್ದಾರೆ.

ಪಂಪು ರಿಜಿಸ್ಟರಿಗೆ ಹತ್ತಿದೆ, ಮೋಟರು ರಿವೈಂಡ್ ಆಗಿ ಬಂದಿದೆ. ಕನ್ನಡ ಸಾರಾಂಶದ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಮುಂದಿನ ಗ್ರಾಮಸಭೆಗೆ ಹುಡುಗಿಯನ್ನೂ ಕರೆದುಕೊಂಡು ಹೋಗುತ್ತೇವೆ.