ಅಲೆಮಾರಿ ನರ

ಹೊಟ್ಟೆಯ ಸಂಗತಿಯನ್ನು ನಾಲ್ಕು ಜನರ ಮುಂದೆ ಆಡಬಾರದೆಂಬುದು ನಮ್ಮ ಮನೆಯ ಹಿರಿಯರ ಕಟ್ಟಪ್ಪಣೆ. ಅದನ್ನು ಮೀರಿ ಈ ವಾರ್ಷಿಕ ಸಂಚಿಕೆಗೆ ಬರೆಯಲು ಕುಳಿತಿದ್ದೇನೆ. ಗುರುಗಳೂ ಸಹಪಾಠಿಗಳೂ ಮನ್ನಿಸಬೇಕು. ಪಾಠದ ನಡುವೆ ನಾನು ಏಕಾಏಕಿ ಎದ್ದು ಹೊರಗೆ ಓಡುವುದನ್ನು ಕಂಡು ಕೆಲವರು ನನ್ನನ್ನು ಉದ್ಧಟನೆಂದೂ, ಕೆಲವರು ಬೀಡಿಯ ಚಟಗಾರನೆಂದೂ ತಿಳಿದಿದ್ದರು. ನಿಜಸ್ಥಿತಿ ಹೀಗಿದೆ.

'ಊಟ ಬಲ್ಲವನಿಗೆ ರೋಗವಿಲ್ಲ' ಎನ್ನುತ್ತಾರೆ. ಹಾಸ್ಟೆಲಿನ ಸಾರನ್ನೂ ಪ್ರಸಾದವೆಂದೇ ಉಂಡವನು ನಾನು. ಆದರೂ ಎರಡು ವರ್ಷಗಳ ಹಿಂದೆ ಹೊಟ್ಟೆನೋವು, ಭೇದಿ, ಸಣ್ಣ ಜ್ವರ ಬೆನ್ನುಹತ್ತಿದವು. ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದೆ. ಮೊದಲು ಕರುಳಿನ ಕ್ಷಯವೆಂಬ ಸಂದೇಹ ಬಂತು. ನಮ್ಮ ದೇಶದಲ್ಲಿ ಆ ಎರಡು ರೋಗಗಳನ್ನು ಬೇರ್ಪಡಿಸುವುದು ಪಳಗಿದ ವೈದ್ಯರಿಗೂ ಸುಲಭವಲ್ಲ. ಕೊನೆಗೆ ಗೊತ್ತಾದದ್ದು ಕ್ರೋನ್ ರೋಗ. ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಇಬ್ಬರು ಸಂಗಡಿಗರು 1932ರಲ್ಲಿ ವರ್ಣಿಸಿದ ವ್ಯಾಧಿ ಇದು. ಮೈಯನ್ನು ಕಾಯಬೇಕಾದ ಕಾವಲುಪಡೆ ಕರುಳಿನ ಮೇಲೆಯೇ ತಿರುಗಿಬಿದ್ದು ಉರಿಯೂತವನ್ನೆಬ್ಬಿಸುತ್ತದೆ. ಅಂಟುರೋಗವಲ್ಲ, ಬೇರುಸಹಿತ ಹೋಗುವ ರೋಗವೂ ಅಲ್ಲ. ಔಷಧಿಯಿಂದ ಹದ್ದುಬಸ್ತಿನಲ್ಲಿಡಬಹುದು, ಅಷ್ಟೆ.

ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದ ಒಂದು ರಾತ್ರಿ, ಮೊಬೈಲಿನಲ್ಲಿ ವೇಗಸ್ ನರದ ಸುದ್ದಿ ಓದಿದೆ. ವೇಗಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಅಲೆಯುವವನು. ಮಿದುಳಿನ ಬುಡದಿಂದ ಹೊರಟು, ಕೊರಳನ್ನಿಳಿದು, ಹೃದಯ ಶ್ವಾಸಕೋಶಗಳನ್ನು ಮಾತನಾಡಿಸಿಕೊಂಡು ಕರುಳಿನವರೆಗೆ ಹೋಗುವ ಜಂಗಮ ಅದು. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಒಡಲಿನ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಉಳಿದವು ಮಿದುಳಿನ ಅಪ್ಪಣೆಯನ್ನು ಕೆಳಕ್ಕೆ ತರುತ್ತವೆ. ಕಳೆದ ಶತಮಾನದ ನಡುಭಾಗದಲ್ಲಿ ಜಠರದ ಹುಣ್ಣು ಮಾಯಲೆಂದು ಶಸ್ತ್ರವೈದ್ಯರು ಇದೇ ನರವನ್ನು ಕತ್ತರಿಸುತ್ತಿದ್ದರಂತೆ! 2000ದಲ್ಲಿ ಅಮೆರಿಕದ ಕೆವಿನ್ ಟ್ರೇಸಿ ಮತ್ತು ಸಂಗಡಿಗರು, ಇಲಿಗಳಲ್ಲಿ ಈ ನರಕ್ಕೆ ವಿದ್ಯುತ್ತು ಮುಟ್ಟಿಸಿದರೆ ಉರಿಯೂತ ತಗ್ಗುತ್ತದೆಂದು ತೋರಿಸಿದರು. ಕತ್ತರಿಸುತ್ತಿದ್ದ ನರವನ್ನು ಈಗ ಎಚ್ಚರಿಸುವ ಕಾಲ ಬಂದಿತ್ತು. ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ಬ್ರೂನೋ ಬೊನಾಜ್ ಅವರ ತಂಡ ಕ್ರೋನ್ ರೋಗಿಗಳ ಎದೆಯ ಚರ್ಮದಡಿ ಪುಟ್ಟ ಯಂತ್ರವನ್ನಿಟ್ಟು, ಕೊರಳಿನ ಎಡಗಡೆಯ ನರಕ್ಕೆ ತಂತಿ ಸುತ್ತಿತು. 2016ರ ವರದಿಯಂತೆ ಏಳು ಮಂದಿಯಲ್ಲಿ ಐವರು ಆರು ತಿಂಗಳಲ್ಲಿ ಚೇತರಿಸಿಕೊಂಡಿದ್ದರು.

ಐವರು! ನನಗೆ ಕಂಡದ್ದು ಅಷ್ಟೇ. ನಿಧಾನವಾಗಿ ಉಸಿರಾಡಿದರೂ ಈ ನರ ಎಚ್ಚರಗೊಳ್ಳುತ್ತದೆ ಎಂದು ಇನ್ನೆಲ್ಲಿಯೋ ಓದಿದ್ದೆ. ಯಂತ್ರ ಯಾರಿಗೆ ಬೇಕು, ನನ್ನ ಉಸಿರೇ ಯಂತ್ರವೆಂದುಕೊಂಡು, ಮಾತ್ರೆಯ ಡಬ್ಬಿಯನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ಬೆಳಿಗ್ಗೆ ತಣ್ಣೀರು ಸ್ನಾನ, ಸಂಜೆ ದೀರ್ಘ ಉಸಿರಾಟ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವನ ಉತ್ಸಾಹ ನನ್ನದು. ಅಮ್ಮ ಫೋನು ಮಾಡಿ "ಮಾತ್ರೆ ತಗೊಂಡ್ಯೇನೋ?" ಎಂದರೆ "ಹೂಂ" ಎನ್ನುತ್ತಿದ್ದೆ.

ಐದನೆಯ ವಾರ ರಕ್ತ ಕಾಣಿಸಿತು. ಮಧ್ಯರಾತ್ರಿ ಆಟೋ ಹುಡುಕಿ ತಂದು ಆಸ್ಪತ್ರೆಗೆ ಸೇರಿಸಿದವನು ನನ್ನ ಕೋಣೆಯ ಗೆಳೆಯ. ನನ್ನ ಹಾಸಿಗೆಯ ಬಟ್ಟೆಯನ್ನು ಒಗೆದು ಹಾಕಿದವನೂ ಅವನೇ. ಈವರೆಗೆ ಆ ವಿಷಯ ಎತ್ತಿಲ್ಲ. ಆ ಅರ್ಧವರ್ಷದ ಪರೀಕ್ಷೆ ಕೈತಪ್ಪಿತು. ಅಮ್ಮ ಬಂದು ಮಂಚದ ಪಕ್ಕದಲ್ಲಿ ಕುಳಿತಾಗ, ಆ "ಹೂಂ" ನೆನಪಾಗಿ ನಾನು ಗೋಡೆಯ ಕಡೆಗೆ ಹೊರಳಿದೆ.

ವೈದ್ಯರು ಬೈಯಲಿಲ್ಲ. ನನ್ನ ವೇದಾಂತವನ್ನೆಲ್ಲ ಕೇಳಿ, "ಏನಪ್ಪಾ, ಏಳರಲ್ಲಿ ಐದು ಓದಿದೆಯಲ್ಲ, ಉಳಿದ ಇಬ್ಬರ ಗತಿ ಏನಾಯಿತು, ಓದಿದೆಯಾ?" ಎಂದರು. ನಾನು ಸುಮ್ಮನಿದ್ದೆ. ಆ ಇಬ್ಬರ ರೋಗ ಉಲ್ಬಣಿಸಿ ಅವರು ಪ್ರಯೋಗದಿಂದ ಹೊರಬಂದಿದ್ದರು. ಹೋಲಿಸಿ ನೋಡಲು ಯಂತ್ರ ಚಾಲೂ ಮಾಡದ ಇನ್ನೊಂದು ಗುಂಪೂ ಇರಲಿಲ್ಲ. "ಈ ದಾರಿ ಸುಳ್ಳಲ್ಲ. ಕೀಲುಗಳ ಉರಿಯೂತಕ್ಕೆ ಇಂಥದೊಂದು ಯಂತ್ರವನ್ನು 2025ರಲ್ಲಿ ಅಮೆರಿಕ ಸರ್ಕಾರವೇ ಒಪ್ಪಿದೆ. ಕರುಳಿನ ರೋಗಕ್ಕೆ ಮಾತ್ರ ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ದಾರಿ ಮುಗಿಯುವವರೆಗೆ ಮಾತ್ರೆಯ ಕೈ ಬಿಡಬೇಡ" ಎಂದರು.

ಇತಿಹಾಸದ ತರಗತಿಯಲ್ಲಿ, ಶಾಸನದ ಅರ್ಧ ಸಾಲನ್ನು ಓದಿ ತೀರ್ಪು ಕೊಡಬಾರದೆಂದು ಗುರುಗಳು ಎಷ್ಟು ಸಲ ಹೇಳಿದ್ದರು! ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿ ಬರೆದು ಅಂಕ ಪಡೆದವನೂ ನಾನೇ. ನನ್ನ ಆಸೆಗೆ ಒಪ್ಪುವ ಅರ್ಧ ಸಾಲು ಸಿಕ್ಕಾಗ ಆ ಪಾಠ ನೆನಪಾಗಲಿಲ್ಲ.

ಈಗ ದಿನವೂ ರಾತ್ರಿ ಎಂಟಕ್ಕೆ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಉಸಿರಾಟದ ಅಭ್ಯಾಸವನ್ನೂ ಬಿಟ್ಟಿಲ್ಲ. ರೋಗ ಹೋಗುವುದೆಂದಲ್ಲ, ನಿದ್ದೆ ಚೆನ್ನಾಗಿ ಬರುವುದೆಂದು. ಗ್ರೆನೋಬ್ಲಿನಿಂದ ಮುಂದಿನ ಸುದ್ದಿ ಬಂದರೆ ಕೊನೆಯ ಸಾಲಿನವರೆಗೂ ಓದುತ್ತೇನೆ. ಸಹಪಾಠಿಗಳಲ್ಲಿ ನನ್ನದೊಂದೇ ಬಿನ್ನಹ: ಬಾಗಿಲ ಬಳಿಯ ಬೆಂಚಿನ ತುದಿ ನನಗಿರಲಿ. ಎದ್ದು ಹೋದರೆ ಏಕೆಂದು ಕೇಳದಿರಿ. ಮರಳಿ ಬಂದಾಗ, ಪಾಠ ಎಲ್ಲಿಯವರೆಗೆ ಬಂತೆಂದು ಮೆಲ್ಲಗೆ ತಿಳಿಸಿದರೆ ಸಾಕು.