ದರ್ಜಿ ಅಂಗಡಿಯಲ್ಲಿ ಮರಳುಗಾಡಿನ ಮಾತು

ತುಮಕೂರು ಹೆದ್ದಾರಿ ಬಿಟ್ಟು ತ್ಯಾಮಗೊಂಡ್ಲಿನ ದಾರಿ ಹಿಡಿದರೆ ಲಾರಿಗಳ ಗದ್ದಲ ಹಿಂದೆ ಉಳಿದು ರಾಗಿ ಹೊಲ, ತೆಂಗು, ಅಡಿಕೆ ಎದುರಾಗುತ್ತವೆ. ನೆಲಮಂಗಲ ತಾಲ್ಲೂಕಿನ ಈ ಹೋಬಳಿ ಕೇಂದ್ರವಿರುವುದು ಸುಮಾರು 900 ಮೀಟರ್ ಎತ್ತರದ ಬಯಲಿನಲ್ಲಿ. ಬೇಸಿಗೆಯಲ್ಲೂ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವ ಜನ ಇಲ್ಲಿಯವರು. ಅಂಥ ಊರಿನ ದರ್ಜಿ ಅಂಗಡಿಯೊಂದರಲ್ಲಿ ಕಳೆದ ಏಪ್ರಿಲ್‌ನಲ್ಲಿ ಮರಳುಗಾಡಿನ ಮಾತು ಬಂತು.

ಪ್ಯಾಂಟಿನ ಸೊಂಟ ಬಿಡಿಸಲು ಹೋಗಿದ್ದೆ. ಐವತ್ತು ದಾಟಿದವರಿಗೆ ಕಾರಣ ಹೇಳಬೇಕಿಲ್ಲ. ಅಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಸಿಕ್ಕರು. ಒಂದಿಷ್ಟು ರಾಗಿ, ಎರಡು ಹಸು ನಂಬಿದ ಸಂಸಾರ. ಮಗ ಚೆನ್ನೈನ ಸೇನಾಧಿಕಾರಿಗಳ ತರಬೇತಿ ಅಕಾಡೆಮಿಗೆ ಆಯ್ಕೆಯಾಗಿದ್ದ. ಅಪ್ಪನ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚು.

“ಆಫೀಸರ್ ಆದ್ರೆ ಡ್ರೆಸ್ಸು ಅವರೇ ಹೊಲಿಸ್ಕೋಬೇಕಂತೆ ಮೇಷ್ಟ್ರೇ. ಒಂದು ಹಸು ಮಾರೋಣ ಅಂತಿದೀನಿ. ಮರಳುಗಾಡಿಗೆ ಹಾಕಿದ್ರೆ ಅದಕ್ಕೆ ಬೇರೆ ಬಟ್ಟೆ ಬೇಡ್ವಾ?”

“ಹಸು ಮಾರಬೇಡಿ” ಎಂದು ಅಲ್ಲೇ ಬೆಂಚಿನ ಮೇಲೆ ಕೂರಿಸಿದೆ. ಅವರು ಕೇಳಿದ್ದು ಸುಳ್ಳಲ್ಲ. ಅಧಿಕಾರಿಯ ಸಮವಸ್ತ್ರ ಬಹಳ ಹಿಂದಿನಿಂದಲೂ ಅವನದೇ ಹೊಣೆ. ಅದಕ್ಕೆಂದು ಹಿಂದೆ ಬೇರೆ ಬೇರೆ ಹೆಸರಿನ ಭತ್ಯೆಗಳಿದ್ದವು. 7ನೇ ವೇತನ ಆಯೋಗದ ಶಿಫಾರಸಿನ ಮೇಲೆ 2017ರ ಜುಲೈನಿಂದ ಅವೆಲ್ಲ ಸೇರಿ ಒಂದೇ ಉಡುಪು ಭತ್ಯೆಯಾಯಿತು: ಸೇನಾಧಿಕಾರಿಗೆ ವರ್ಷಕ್ಕೆ 20,000 ರೂಪಾಯಿ. ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ ಇದು ಶೇ. 25ರಷ್ಟು ಏರಬೇಕೆಂಬುದು ನಿಯಮ. 2024ರ ಜನವರಿಯಲ್ಲಿ ಮುಟ್ಟಿತು, 25,000 ಆಯಿತು. ಅಕಾಡೆಮಿಯಲ್ಲಿರುವಾಗಲೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಉಂಟು.

“ಬಿಸಿಲೂರಿಗೆ ಜಾಸ್ತಿ ಕೊಡಲ್ವಾ?”

ಇಲ್ಲ. ಜೈಸಲ್ಮೇರ್‌ಗೂ ಶಿಲ್ಲಾಂಗಿಗೂ ಇದೇ ಮೊತ್ತ. ಆದರೆ ಅವರು ಹೆದರಬೇಕಾಗಿದ್ದ ಊರು ಜೈಸಲ್ಮೇರ್ ಅಲ್ಲ, ಚೆನ್ನೈ! ನಮ್ಮ ಭಾಷೆಯಲ್ಲೇ ಧಗೆ ಬೇರೆ, ಸೆಕೆ ಬೇರೆ. ಗಾಳಿ ಮೈಗಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಮರಳುಗಾಡಿನ ಒಣಗಾಳಿಯಲ್ಲಿ ಅದು ಬೇಗ ಆರುತ್ತದೆ. ನೀರು ಕುಡಿಯುತ್ತಿದ್ದರೆ ಸರಿ. ಕಡಲ ತೀರದಲ್ಲಿ ಬೆವರು ಹರಿದು ಬೀಳುತ್ತದೆ, ಆರುವುದಿಲ್ಲ. ಮಣ್ಣಿನ ಗುಡಾಣದ ನೀರು ಮಳೆಗಾಲದಲ್ಲಿ ಅಷ್ಟು ತಣ್ಣಗಾಗದಿರುವುದೂ ಇದೇ ಕಾರಣಕ್ಕೆ ಎಂದಾಗ ಅವರಿಗೆ ತಟ್ಟನೆ ಹೊಳೆಯಿತು. ತರಗತಿಯಲ್ಲಿ ಇಷ್ಟು ಬೇಗ ಯಾರೂ ತಲೆಯಾಡಿಸಿದ್ದಿಲ್ಲ.

ಬಟ್ಟೆಯ ಗುಟ್ಟೂ ಇಲ್ಲೇ ಇದೆ. ಸಾಧಾರಣ ಗಾಳಿಯಲ್ಲಿ ಹತ್ತಿ ತನ್ನ ತೂಕದ ಶೇ. 8.5ರಷ್ಟು ತೇವ ಹೀರಿಕೊಂಡರೆ ಪಾಲಿಯೆಸ್ಟರ್ ಶೇ. 0.4 ಮಾತ್ರ. ಹತ್ತಿ ಮೈಗೆ ಹಿತ, ಆದರೆ ಒದ್ದೆಯಾದರೆ ನಿಧಾನ ಒಣಗುತ್ತದೆ. 2022ರ ಜನವರಿ 15ರ ಸೇನಾ ದಿನದಂದು ಹೊರಬಂದ ಹೊಸ ಯುದ್ಧ ಸಮವಸ್ತ್ರದಲ್ಲಿ ಹತ್ತಿ 70, ಪಾಲಿಯೆಸ್ಟರ್ 30ರ ಪಾಲು ಹಾಕಿರುವುದು ಅದಕ್ಕೇ. ಅದರ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವಂತೆಯೂ ಇಲ್ಲ, ಗಾಳಿ ಆಡಬೇಕಲ್ಲ.

ದರ್ಜಿಯ ಕೈಯಲ್ಲಿ ಆಟೋದವರೊಬ್ಬರ ಖಾಕಿ ಅಂಗಿಯಿತ್ತು. ಪಾರಸಿಯಲ್ಲಿ ‘ಖಾಕ್’ ಎಂದರೆ ಧೂಳು. 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆ ಕೆಂಪು ಕೋಟಿನ ಬದಲು ಧೂಳಿನ ಬಣ್ಣದ ಸಡಿಲ ಬಟ್ಟೆ ತೊಟ್ಟಿತು. ನಮ್ಮ ಮಂಗಳೂರಿಗೂ ಇದರಲ್ಲಿ ಪಾಲಿದೆ. 1851ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಹಾಲರ್ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ತಯಾರಿಸಿದನೆಂದು ಹೇಳುತ್ತಾರೆ. ಲಾರ್ಡ್ ರಾಬರ್ಟ್ಸ್ ಅದನ್ನು ನೋಡಿ ಸೈನ್ಯಕ್ಕೆ ಮೆಚ್ಚಿದ ಕಥೆಯೂ ಕರಾವಳಿಯಲ್ಲಿ ಪ್ರಸಿದ್ಧ. “ಹಂಗಾದ್ರೆ ಇದು ಮಿಲಿಟರಿ ಬಟ್ಟೇನಾ ಸಾರ್?” ಎಂದು ದರ್ಜಿ ಕಾಜಾ ಹೊಲಿಯುವುದನ್ನು ನಿಲ್ಲಿಸಿ ಆ ಅಂಗಿಯನ್ನು ಒಮ್ಮೆ ತಿರುಗಿಸಿ ನೋಡಿದ.

ದಸರಾ ರಜೆಯಲ್ಲಿ ಆ ತಂದೆ ಮತ್ತೆ ಸಿಕ್ಕರು. ಮಗ ಚೆನ್ನೈನಿಂದ ಫೋನು ಮಾಡಿ ಕೇಳಿದ್ದು ಅರ್ಧ ಡಜನ್ ಹತ್ತಿ ಬನಿಯನ್ನು ಮಾತ್ರವಂತೆ. ಹಸು ಕೊಟ್ಟಿಗೆಯಲ್ಲೇ ಇದೆ. ಕರು ಹಾಕಿದೆಯೆಂದು ಒಂದು ಪಾತ್ರೆ ಗಿಣ್ಣು ತಂದುಕೊಟ್ಟರು.