ಮೈಕ್ ಹಿಡಿಯದವರು

ಕಾವೇರಿ ನೀರಿನ ಬಿಕ್ಕಟ್ಟು ಬಂದಾಗಲೆಲ್ಲ ಮಂಡ್ಯದ ಸರ್ ಎಂ.ವಿ. ಪ್ರತಿಮೆ ಎದುರು ಶಾಮಿಯಾನ ಏಳುತ್ತದೆ. ಅಲ್ಲಿ ಧರಣಿ ಕೂರುವ ಜಿಲ್ಲಾ ರೈತ ಹಿತರಕ್ಷಣಾ ಸಮಿತಿ ಅಂದರೆ ಒಂದೇ ಸಂಘವಲ್ಲ, ಬೇರೆ ಬೇರೆ ಸಂಘಟನೆಗಳು ಬಣ ಮರೆತು ಕೂರುವ ಜಾಗ. ಬಹುಕಾಲ ಅದರ ಮುಖವಾಗಿದ್ದವರು ರೈತ ನಾಯಕ ಜಿ. ಮಾದೇಗೌಡರು. 2021ರ ಜುಲೈನಲ್ಲಿ ಅವರು ತೀರಿಕೊಂಡಾಗ, ಇನ್ನು ಕರೆದರೆ ಯಾರು ಬರ್ತಾರೆ ಅನ್ನೋ ಆತಂಕ ಇತ್ತು. 2023ರಲ್ಲಿ ಧರಣಿ ಮತ್ತೆ ಕೂತಿತು. ಮುಂಚೂಣಿಯಲ್ಲಿ ಸುನಂದಾ ಜಯರಾಂ ಅವರಂಥ ರೈತ ನಾಯಕಿಯೂ ಇದ್ದರು. ನನಗೆ ಅದು ದೊಡ್ಡ ಸಮಾಧಾನ.

ಆದರೆ ನನ್ನ ಮನಸ್ಸು ಹೋಗೋದು ಮೈಕ್ ಹಿಡಿಯದವರ ಕಡೆಗೆ. ಮದ್ದೂರು, ಮಳವಳ್ಳಿಯ ಎಷ್ಟೋ ಊರುಗಳು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೊನೇ ಭಾಗದಲ್ಲಿವೆ. ನೀರು ಕಮ್ಮಿಯಾದರೆ ಮೊದಲು ಒಣಗೋದು ಅವರ ಗದ್ದೆ. ಅಲ್ಲಿಂದ ಜನ ಸೇರಿಸಿ, ಟೆಂಪೋಗೆ ಡೀಸೆಲ್ ಕಾಸು ಹೊಂದಿಸಿ ಕರೆತರೋರು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಹುಡುಗರು. ಸಂಬಳ ಇಲ್ಲ, ಪೇಪರಲ್ಲಿ ಹೆಸರಿಲ್ಲ, ಕೇಸು ಮಾತ್ರ ಬೀಳಬಹುದು.

ಇವರನ್ನು ಬರೀ ಕುರ್ಚಿ ಹಾಕೋಕೆ ಇಟ್ಟುಕೊಳ್ಳಬಾರದು. ಬಸ್ ಚಾರ್ಜು ಸಮಿತಿಯೇ ಕೊಡಲಿ. ಕೇಸು ಬಿದ್ದರೆ ವಕೀಲರು ಜೊತೆಗಿರಲಿ. ಹಾಲು ಕರೆಯೋ ಹೊತ್ತಲ್ಲಿ ಸಭೆ ಇಟ್ಟರೆ ಹೆಣ್ಣುಮಕ್ಕಳು ಬರೋದು ಹೇಗೆ? ಅಧಿಕಾರಿಗಳ ಹತ್ತಿರ ಮಾತುಕತೆಗೆ ಹೋಗುವಾಗ ಹಿರಿಯರು ಪ್ರತಿ ಸಲ ಒಬ್ಬ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ನೀರಿನ ಟಿಎಂಸಿ, ಕ್ಯೂಸೆಕ್ ಲೆಕ್ಕ ಅವರೂ ಕಲಿಯಲಿ, ಅವರೂ ಮಾತಾಡಲಿ. ಮಳೆ ಕೈಕೊಟ್ಟ ವರ್ಷದ ಗಡಿಬಿಡಿಯಲ್ಲಿ ಇದೆಲ್ಲ ಆಗಲ್ಲ. ಕೆಆರ್‌ಎಸ್ ಜಲಾಶಯ ತುಂಬಿದ ವರ್ಷವೇ ಶುರು ಮಾಡಬೇಕು.